ತುಮಕೂರಿನ ಸೆಖೆಯಲ್ಲಿ ಚೀಸ್ ತಟ್ಟೆ

ಪ್ರಶ್ನೆ: ಏಪ್ರಿಲ್ ಎರಡನೇ ವಾರ ಮಗನ ನಿಶ್ಚಿತಾರ್ಥವಿದೆ. ಮರುದಿನ ಸಂಜೆ ಬೆಂಗಳೂರಿನಿಂದ ಅವನ ಕಚೇರಿಯ ಗೆಳೆಯರು ಎಂಟು ಮಂದಿ ಮನೆಗೆ ಬರುತ್ತಾರೆ. ಮನೆಯ ಹಿರಿಯರು ನಾಲ್ವರು ಇರುತ್ತಾರೆ. ಊಟಕ್ಕೆ ಮೊದಲು ಚೀಸ್ ತಟ್ಟೆ ಇಡಬೇಕೆಂಬುದು ಮಗನ ಆಸೆ. ಐದಾರು ಬಗೆಯ ಚೀಸ್ ಬೇಕು, ಬಡಿಸುವ ಒಂದು ಗಂಟೆ ಮೊದಲೇ ಫ್ರಿಜ್‌ನಿಂದ ತೆಗೆದಿಡಬೇಕು ಎಂದು ಓದಿದ್ದೇನೆ. ನಮ್ಮ ಸೆಖೆಗೆ ಅದು ತಡೆಯುತ್ತದೆಯೇ? ನಮ್ಮ ಅತ್ತೆಯವರು ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವವರಲ್ಲ. ಏನು ತರಬೇಕು, ಎಷ್ಟು ತರಬೇಕು, ಜೊತೆಗೆ ಏನಿಡಬೇಕು? — ಗೃಹಿಣಿ, ಕ್ಯಾತ್ಸಂದ್ರ, ತುಮಕೂರು

ಉತ್ತರ: ಐದಾರು ಬಗೆ ಬೇಡ, ಮೂರು ಸಾಕು, ಅದರ ಜೊತೆಗೆ ಮನೆಯಲ್ಲೇ ಮಾಡಿದ ಒಂದು ಇರಲಿ. ಒಂದು ಗಂಟೆಯೂ ಬೇಡ, ಇಪ್ಪತ್ತು ನಿಮಿಷ ಸಾಕು. ನೀವು ಓದಿದ್ದು ತಪ್ಪಲ್ಲ, ಆದರೆ ಅದನ್ನು ಬರೆದವರ ಮನಸ್ಸಿನಲ್ಲಿದ್ದ ಮನೆ ಬೇರೆ. ಯುರೋಪಿನವರು ಚೀಸನ್ನು ಕೋಣೆಯ ಉಷ್ಣಾಂಶಕ್ಕೆ ತರಬೇಕು ಎನ್ನುವಾಗ ಅವರ ಕೋಣೆ 18ರಿಂದ 20 ಡಿಗ್ರಿಯಲ್ಲಿರುತ್ತದೆ. ಏಪ್ರಿಲ್ ಸಂಜೆ ಆರೂವರೆಗೆ ತುಮಕೂರಿನ ಆರ್‌ಸಿಸಿ ಮನೆಯ ನಡುಮನೆ ಇನ್ನೂ 30 ಡಿಗ್ರಿಯ ಆಚೆಗೇ ಇರುತ್ತದೆ. ಅವರ ಒಂದು ಗಂಟೆಯ ಕೆಲಸ ನಮ್ಮಲ್ಲಿ ಇಪ್ಪತ್ತು ನಿಮಿಷಕ್ಕೆ ಮುಗಿದು, ಉಳಿದ ನಲವತ್ತು ನಿಮಿಷ ಚೀಸ್ ಕೆಡುವುದಕ್ಕೆ ಸಿಗುತ್ತದೆ.

ಹೊರಗಿಡುವುದಾದರೂ ಏಕೆ ಎಂಬುದು ತಿಳಿದರೆ ಉಳಿದದ್ದನ್ನು ನೀವೇ ಲೆಕ್ಕ ಹಾಕಿಕೊಳ್ಳಬಹುದು. ಡಿಸೆಂಬರ್ ಬೆಳಿಗ್ಗೆ ಬಚ್ಚಲುಮನೆಯ ಕಿಟಕಿಯಲ್ಲಿಟ್ಟ ಕೊಬ್ಬರಿ ಎಣ್ಣೆಯ ಸೀಸೆಯನ್ನು ನೆನೆಸಿಕೊಳ್ಳಿ: ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಬೆಳ್ಳಗೆ ಗಟ್ಟಿಯಾಗಿ ಕುಳಿತಿರುತ್ತದೆ, ಮೂಗಿಗೆ ಹಿಡಿದರೂ ವಾಸನೆ ಅಷ್ಟಕ್ಕಷ್ಟೇ, ಬಿಸಿಲಿಗಿಟ್ಟು ಕರಗಿತೆಂದರೆ ತಿಪಟೂರಿನ ಕೊಬ್ಬರಿಯ ಘಮ ಮನೆಯೆಲ್ಲ ಹರಡುತ್ತದೆ. ಚೀಸಿನಲ್ಲಿರುವ ಹಾಲಿನ ಕೊಬ್ಬಿನ ನಡತೆಯೂ ಹೀಗೆಯೇ, ಆದರೆ ಅದು ಒಂದೇ ಬಿಂದುವಿನಲ್ಲಿ ಕರಗುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಕರಗುತ್ತದೆ. ಫ್ರಿಜ್‌ನ ನಾಲ್ಕೈದು ಡಿಗ್ರಿಯಲ್ಲಿ ಬಹುಪಾಲು ಗಟ್ಟಿ. 20ರ ಆಸುಪಾಸಿನಲ್ಲಿ ಒಂದಷ್ಟು ಕರಗಿ, ಅದರೊಳಗೆ ಹುದುಗಿದ್ದ ಪರಿಮಳ ಬಿಡುಗಡೆಯಾಗುತ್ತದೆ. 30 ದಾಟಿದ ಮೇಲೆ ಕೊಬ್ಬು ಹಿಡಿತ ತಪ್ಪಿ ಮೇಲ್ಮೈಯಲ್ಲಿ ಎಣ್ಣೆಯ ಬೆವರು ಕಾಣಿಸಿಕೊಳ್ಳುತ್ತದೆ. ತಣ್ಣಗಿದ್ದರೆ ರುಚಿ ಸಪ್ಪೆ, ಬಿಸಿಯಾದರೆ ಜಿಡ್ಡು. ಇವೆರಡರ ನಡುವಿನ ಸಮಯ ನಮ್ಮ ಬೇಸಿಗೆಯಲ್ಲಿ ಬಹಳ ಚಿಕ್ಕದು, ಆದ್ದರಿಂದ ಯಾವ ಚೀಸ್ ತಂದಿರಿ ಎಂಬುದಕ್ಕಿಂತ ಯಾವ ಹೊತ್ತಿಗೆ ಹೊರತೆಗೆದಿರಿ ಎಂಬುದೇ ನಿಮ್ಮ ತಟ್ಟೆಯ ಹಣೆಬರಹವನ್ನು ತೀರ್ಮಾನಿಸುತ್ತದೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಹಲವು ವರ್ಷಗಳ ಹಿಂದೆ ಇಂಥದೇ ಒಂದು ಬೇಸಿಗೆಯಲ್ಲಿ ಬೆಂಗಳೂರಿನ ಅಂಗಡಿಯೊಂದರಲ್ಲಿ ಬ್ರೀ ಎಂಬ ಮೆದು ಚೀಸನ್ನು ಕೊಂಡು, ಅವರು ಕೊಟ್ಟ ತೆಳು ಪ್ಲಾಸ್ಟಿಕ್ ಚೀಲದಲ್ಲೇ ಇಟ್ಟುಕೊಂಡು ಬಸ್ಸು ಹತ್ತಿದೆ. ಡಾಬಸ್‌ಪೇಟೆ ದಾಟುವ ಹೊತ್ತಿಗೆ ತೊಡೆಯ ಮೇಲಿದ್ದ ಪೊಟ್ಟಣ ಒದ್ದೆಯಾಗಿತ್ತು. ಮನೆಗೆ ಬಂದು ಬಿಚ್ಚಿ ನೋಡಿದರೆ ಬಿಳಿ ಸಿಪ್ಪೆ ಒಂದು ಕಡೆ, ಒಳಗಿನ ತಿರುಳು ಇನ್ನೊಂದು ಕಡೆ. ಬೇರೆ ದಾರಿ ಕಾಣದೆ ಬಟ್ಟಲಿಗೆ ಬಳಿದು ಚಮಚ ಇಟ್ಟೆ. ನಮ್ಮ ಸೋದರಮಾವ ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡು ಮೂಸಿ ನೋಡಿ, “ಇದು ಕೆಟ್ಟ ಬೆಣ್ಣೆಯೋ, ಕೆಡಬೇಕಾದ ಪಾಯಸವೋ?” ಎಂದು ಕೇಳಿದರು. ನಿಮ್ಮ ಮಗ ಬೆಂಗಳೂರಿನಿಂದ ಚೀಸ್ ತರುವುದಾದರೆ ಥರ್ಮೋಕೋಲ್ ಡಬ್ಬಿಯೊಂದರಲ್ಲಿ ಐಸ್ ಪ್ಯಾಕ್ ಇಟ್ಟು, ನಡುವೆ ಒಂದು ಮಡಿಕೆ ದಿನಪತ್ರಿಕೆ ಹಾಕಿ ತರಲಿ. ಎಪ್ಪತ್ತು ಕಿಲೋಮೀಟರ್ ದಾರಿಗೆ ಅಷ್ಟು ಸಾಕು. ಮಂಜುಗಡ್ಡೆಯ ಮೇಲೆ ನೇರವಾಗಿ ಇಡುವುದು ಬೇಡ, ಏಕೆಂದರೆ ಹೆಪ್ಪುಗಟ್ಟಿದ ಚೀಸ್ ಕರಗಿದ ಮೇಲೆ ಪುಡಿಪುಡಿಯಾಗುತ್ತದೆ.

ಇನ್ನು ಯಾವುದನ್ನು ತರಬೇಕು ಎಂಬುದು. ಅದಕ್ಕೆ ಮೊದಲು ಒಂದು ಮಾತಿನ ಗೊಂದಲವನ್ನು ಬಿಡಿಸುತ್ತೇನೆ. ನಿಘಂಟುಗಳಲ್ಲಿ ಚೀಸ್ ಎಂದರೆ ಗಿಣ್ಣು ಎಂದಿರುತ್ತದೆ, ಆದರೆ ನಮ್ಮ ಕಡೆ ಗಿಣ್ಣು ಎಂದರೆ ಹಸು ಕರು ಹಾಕಿದ ಮೊದಲ ದಿನಗಳ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ್ದು. ಹಿರಿಯರ ಮುಂದೆ ಆ ಹೆಸರು ಹೇಳಿ ಚೆಡ್ಡಾರ್ ಎಂಬ ಗಟ್ಟಿ ಚೀಸನ್ನು ಕೊಟ್ಟರೆ ಮೊದಲ ತುತ್ತಿಗೇ ನಿರಾಸೆಯಾಗುತ್ತದೆ. ಚೀಸ್ ಎಂದೇ ಹೇಳಿ. ಪನೀರ್ ಕೂಡ ಇದರ ಸಾಲಿಗೆ ಸೇರುವುದಿಲ್ಲ. ಬಿಸಿ ಹಾಲಿಗೆ ಹುಳಿ ಹಿಂಡಿ ಒಡೆಸಿದ್ದು ಪನೀರ್, ಅದು ಅಂದಂದಿಗೆ ತಾಜಾ ತಿನ್ನುವಂಥದ್ದು. ಚೆಡ್ಡಾರ್‌ನಂಥ ಚೀಸ್ ತಿಂಗಳುಗಟ್ಟಲೆ ಮಾಗುತ್ತದೆ, ಮಾಗುವಾಗಲೇ ಅದಕ್ಕೆ ರುಚಿ ಬರುತ್ತದೆ. ಒಂದು ಕಿಲೋ ಚೆಡ್ಡಾರ್‌ಗೆ ಸುಮಾರು ಹತ್ತು ಲೀಟರ್ ಹಾಲು ಬೇಕು ಎಂಬುದನ್ನು ಮನೆಯವರಿಗೆ ಹೇಳಿದರೆ ಬೆಲೆಯ ಬಗ್ಗೆ ಆಮೇಲೆ ಯಾರೂ ಗೊಣಗುವುದಿಲ್ಲ.

ಬೀದಿ ಕೊನೆಯ ಅಂಗಡಿಯಲ್ಲಿ ಸಿಗುವ ಚೌಕ ತುಂಡಿನ ಚೀಸ್ ಸಂಸ್ಕರಿಸಿದ ಚೀಸ್. ಚೀಸನ್ನು ಕರಗಿಸಿ, ಕೊಬ್ಬು ಬೇರೆಯಾಗದಂತೆ ಸಿಟ್ರೇಟ್ ಅಥವಾ ಫಾಸ್ಫೇಟ್ ಲವಣ ಸೇರಿಸಿ ಮತ್ತೆ ಅಚ್ಚಿಗೆ ಹಾಕುವ ಈ ವಿಧಾನ 1911ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿತು. ಸ್ಯಾಂಡ್‌ವಿಚ್ಚಿಗೆ, ಮಸಾಲೆ ದೋಸೆಗೆ ಅದೇ ಸರಿ. ಆದರೆ ಅದು ಮಾಗುವುದಿಲ್ಲ, ತಣ್ಣಗಿದ್ದರೂ ಬೆಚ್ಚಗಿದ್ದರೂ ಹೆಚ್ಚುಕಡಿಮೆ ಒಂದೇ ರುಚಿ, ಹಾಗಾಗಿ ತಟ್ಟೆಯ ಮೇಲೆ ಅದಕ್ಕೆ ಕೆಲಸವಿಲ್ಲ. ಪೊಟ್ಟಣದ ಹಿಂಬದಿಯಲ್ಲಿ ಹಾಲು, ಉಪ್ಪು, ಕಲ್ಚರ್ (ಹೆಪ್ಪಿನ ಬ್ಯಾಕ್ಟೀರಿಯಾ), ರೆನೆಟ್ (ಹಾಲು ಗಟ್ಟಿಯಾಗಲು ಹಾಕುವ ಕಿಣ್ವ) ಇಷ್ಟೇ ಇದ್ದರೆ ಅದು ನಿಮಗೆ ಬೇಕಾದ್ದು. ‘ಎಮಲ್ಸಿಫೈಯಿಂಗ್ ಸಾಲ್ಟ್’ ಎಂದು ಕಂಡರೆ ಬೇಡ.

ನನ್ನ ಆಯ್ಕೆ ಹೀಗಿದೆ. ಮೊದಲನೆಯದು ಗೌಡಾ. ಹಾಲೆಂಡಿನ ಗೌಡಾ ಎಂಬ ಊರಿನ ಸಂತೆಯಲ್ಲಿ ಮಾರಾಟವಾಗುತ್ತಿದ್ದುದರಿಂದ ಬಂದ ಹೆಸರದು, ಅಲ್ಲಿನವರ ಬಾಯಲ್ಲಿ ಅದು ‘ಖೌಡಾ’ ಎಂದೇ ಕೇಳುತ್ತದೆ, ನಮ್ಮ ಜಿಲ್ಲೆಯಲ್ಲಿ ಮಾತ್ರ “ಯಾವ ಗೌಡರದು ಇದು?” ಎಂಬ ಪ್ರಶ್ನೆ ಖಂಡಿತ ಬರುತ್ತದೆ, ಮಾತಿಗೆ ಅದೇ ಒಳ್ಳೆಯ ಆರಂಭ. ಹುಳಿ ಮೊಸರಿಗೆ ನೀರು ಸೇರಿಸಿ ಹುಳಿ ತಗ್ಗಿಸುವಂತೆ, ಗೌಡಾ ಮಾಡುವಾಗ ಒಡೆದ ಗಟ್ಟಿಯನ್ನು ಬೆಚ್ಚನೆಯ ನೀರಿನಲ್ಲಿ ತೊಳೆಯುವುದರಿಂದ ಹುಳಿ ಕಡಿಮೆಯಾಗಿ ಸಿಹಿ ಛಾಯೆ ಉಳಿಯುತ್ತದೆ. ಚೀಸ್ ತಿಂದು ಅಭ್ಯಾಸವಿಲ್ಲದವರು ಮೊದಲು ಒಪ್ಪುವುದು ಇದನ್ನೇ. ಎರಡನೆಯದು ಚೆಡ್ಡಾರ್, ಹುಳಿಯೂ ಖಡಕ್ಕೂ ಆಗಿರುವಂಥದ್ದು, ಆರು ತಿಂಗಳಿಗಿಂತ ಹೆಚ್ಚು ಮಾಗಿದ್ದಾದರೆ ಒಳ್ಳೆಯದು. ನಮ್ಮದೇ ತಿಪಟೂರು ತಾಲೂಕಿನಲ್ಲಿ ನೆಲೆಯಿರುವ ಅಕ್ಷಯಕಲ್ಪ ಎಂಬ ಹಾಲಿನ ಕಂಪನಿಯ ಚೆಡ್ಡಾರ್ ಸಿಕ್ಕರೆ ಊರಿನ ಹಾಲೇ ತಟ್ಟೆಗೆ ಬಂದಂತಾಗುತ್ತದೆ. ಅಮುಲ್‌ನ ಗೌಡಾ ಮತ್ತು ಎಮ್ಮೆಂಟಾಲ್, ಕೊಡೈಕೆನಾಲಿನ ಚೀಸುಗಳು ದೊಡ್ಡ ಅಂಗಡಿಗಳಲ್ಲಿ ದೊರೆಯುತ್ತವೆ. ಮೂರನೆಯದು ಮೆದುವಾದದ್ದು, ಬ್ರೀ ಅಥವಾ ಕಮಾಂಬೇರ್. ಇವುಗಳ ಬಿಳಿ ಸಿಪ್ಪೆ ಬೂಷ್ಟೇ ಹೌದು, ಆದರೆ ಬೇಕೆಂದೇ ಬೆಳೆಸಿದ ಬೂಷ್ಟು, ತಿನ್ನಬಹುದು. ಬೆರಳಲ್ಲಿ ಒತ್ತಿದರೆ ಮಾಗಿದ ಸಪೋಟದಷ್ಟು ಮೆತ್ತಗಿರಬೇಕು. ಅಮೋನಿಯಾದ ಘಾಟು ಬಂದರೆ ಕಾಲ ಮೀರಿದೆ ಎಂದರ್ಥ.

ನೀಲಿ ಗೆರೆಗಳ ಬ್ಲೂ ಚೀಸ್ ನನಗೆ ಬಹಳ ಇಷ್ಟ. ಆದರೂ ನಿಮ್ಮ ಈ ಸಂಜೆಗೆ ಬೇಡವೆನ್ನುತ್ತೇನೆ. ಅದರ ಘಾಟು ಪಕ್ಕದ ಚೀಸಿಗೂ ಹತ್ತುತ್ತದೆ, ಮತ್ತು ನಾಲ್ವರು ಹಿರಿಯರು ಮೂಗು ಮುಚ್ಚಿಕೊಂಡ ಮೇಲೆ ಉಳಿದ ಮೂರನ್ನೂ ಅವರು ಮುಟ್ಟುವುದಿಲ್ಲ. ಮಗನ ಗೆಳೆಯರಿಗಾಗಿ ತರಲೇಬೇಕೆಂದರೆ ಬೇರೆ ತಟ್ಟೆಯಲ್ಲಿ, ಬೇರೆ ಚಾಕುವಿನೊಡನೆ, ಮೇಲೊಂದಿಷ್ಟು ಜೇನು ಹನಿಸಿ ಇಡಿ.

ನಿಮ್ಮ ಅತ್ತೆಯವರ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹಾಲನ್ನು ಗಟ್ಟಿ ಮಾಡುವ ರೆನೆಟ್ ಸಾಂಪ್ರದಾಯಿಕವಾಗಿ ಹಾಲು ಕುಡಿಯುವ ಎಳೆಗರುವಿನ ಹೊಟ್ಟೆಯಿಂದ ಬರುತ್ತಿತ್ತು, ಯುರೋಪಿನ ಕೆಲವು ಹೆಸರಾಂತ ಚೀಸುಗಳಲ್ಲಿ ಇಂದಿಗೂ ಅದೇ ಬಳಕೆಯಲ್ಲಿದೆ: ಇಟಲಿಯ ಪಾರ್ಮಿಜಾನೋ ರೆಜ್ಜಾನೋಗೆ ಕರುವಿನ ರೆನೆಟ್ ಕಡ್ಡಾಯ. ನಮ್ಮ ದೇಶದಲ್ಲಿ ಮಾಡುವ ಚೀಸಿಗೆ ಸಾಮಾನ್ಯವಾಗಿ ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಬಳಸುತ್ತಾರೆ, ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇರುತ್ತದೆ. ಹಸಿರು ಚುಕ್ಕೆ ಕಾಣದ ಯಾವುದನ್ನೂ ಈ ತಟ್ಟೆಗೆ ತರಬೇಡಿ, ಮತ್ತು ಹೊದಿಕೆಯನ್ನು ಎಸೆಯದೆ ಅಡುಗೆಮನೆಯಲ್ಲಿ ಇಟ್ಟುಕೊಂಡಿರಿ. ಅವರು ಕೇಳಿದಾಗ ತೋರಿಸುವುದಕ್ಕೆ ಬಾಯಿಮಾತಿಗಿಂತ ಅದು ಮೇಲು.

ಅವರಿಗಾಗಿಯೇ ನಾಲ್ಕನೆಯದು: ಕಟ್ಟಿದ ಮೊಸರಿನ ಉಂಡೆ. ಒಂದು ಲೀಟರ್ ಗಟ್ಟಿ ಹಾಲಿನ, ಹುಳಿಯಾಗದ ಮೊಸರಿಗೆ ಅರ್ಧ ಚಮಚ ಉಪ್ಪು ಕಲಸಿ, ಒಗೆದು ಒಣಗಿಸಿದ ಮಲ್ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಜರಡಿಯ ಮೇಲಿಟ್ಟು ಕೆಳಗೊಂದು ಪಾತ್ರೆ ಇರಿಸಿ ಒಂದಿಡೀ ದಿನ ಫ್ರಿಜ್‌ನೊಳಗೇ ಬಿಡಿ. ಈ ಸೆಖೆಯಲ್ಲಿ ನಲ್ಲಿಗೆ ನೇತುಹಾಕಿದರೆ ರಾತ್ರಿ ಕಳೆಯುವುದರೊಳಗೆ ಹುಳಿ ಬಂದಿರುತ್ತದೆ. ಸುಮಾರು 350 ಗ್ರಾಂ ಗಟ್ಟಿ ಸಿಗುತ್ತದೆ. ಅಂಗೈಗೆ ಎಣ್ಣೆ ಸವರಿಕೊಂಡು ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ, ಹುರಿದು ತರಿತರಿಯಾಗಿ ಕುಟ್ಟಿದ ಹುಚ್ಚೆಳ್ಳಿನಲ್ಲಿ ಹೊರಳಿಸಿ. ಹುಚ್ಚೆಳ್ಳು ಮೊದಲು ಬಾಣಲೆಯಲ್ಲಿ ಚಟಪಟ ಎನ್ನುತ್ತದೆ, ಸದ್ದು ನಿಂತ ಕೂಡಲೇ ಇಳಿಸಬೇಕು, ಇನ್ನೊಂದು ನಿಮಿಷ ಬಿಟ್ಟರೆ ಕಹಿ. ಕಪ್ಪು ಹೊದಿಕೆಯೊಳಗಿನ ಈ ಬಿಳಿ ಉಂಡೆಗಳನ್ನು ಬೆಂಗಳೂರಿನ ಹುಡುಗರು ಮೊದಲು ಖಾಲಿ ಮಾಡುತ್ತಾರೆ ಎಂಬುದು ನನ್ನ ಅನುಭವ, ಆದ್ದರಿಂದ ಹಿರಿಯರ ಪಾಲನ್ನು ಮೊದಲೇ ಎತ್ತಿಡಿ.

ಅಳತೆಗೆ ಬಂದರೆ, ಊಟಕ್ಕೆ ಮುಂಚಿನ ತಟ್ಟೆಗೆ ತಲೆಗೆ 50 ಗ್ರಾಂ ಲೆಕ್ಕ; ಹಿರಿಯರು ಅದರ ಅರ್ಧವನ್ನೂ ತಿನ್ನಲಾರರು. ಹನ್ನೆರಡು ಜನಕ್ಕೆ ಗೌಡಾ 200, ಚೆಡ್ಡಾರ್ 200, ಬ್ರೀ 125 ಗ್ರಾಂ ಸಾಕು, ಮೊಸರಿನ ಉಂಡೆ ಹೇಗೂ ಇದೆ. ಇದಕ್ಕಿಂತ ಹೆಚ್ಚು ತಂದರೆ ಹೋಳಿಗೆ ಊಟ ಉಳಿಯುತ್ತದೆ.

ತಟ್ಟೆಗೆ ಮರದ ಹಲಗೆಯೇ ಬೇಕೆಂದಿಲ್ಲ. ಚಪಾತಿ ಮಣೆ ನೋಡಲು ಚೆನ್ನ, ಆದರೆ ಹಳೆಯ ಮಣೆಗೆ ಎಣ್ಣೆಯ ಕಮಟು ಹಿಡಿದಿರುತ್ತದೆ. ಮನೆ ಕಟ್ಟಿದಾಗ ಉಳಿದ ಗ್ರಾನೈಟಿನ ಅಥವಾ ಕಡಪ ಕಲ್ಲಿನ ನುಣುಪು ತುಂಡೊಂದು ಮೂಲೆಯಲ್ಲಿ ಬಿದ್ದಿದ್ದರೆ ಅದಕ್ಕಿಂತ ಉತ್ತಮವಾದದ್ದು ನಮ್ಮ ಬೇಸಿಗೆಗೆ ಇಲ್ಲ: ಚೆನ್ನಾಗಿ ತೊಳೆದು, ಎರಡು ಗಂಟೆ ಫ್ರಿಜ್‌ನಲ್ಲಿಟ್ಟು, ನೀರಾಡಿದ್ದನ್ನು ಒರೆಸಿ, ಮೇಲೆ ಒಣಗಿದ ಬಾಳೆ ಎಲೆಯಲ್ಲ, ಹಸಿ ಎಲೆಯನ್ನೇ ಬಟ್ಟೆಯಿಂದ ಒರೆಸಿ ಹಾಸಿ. ಕಲ್ಲು ಕೆಳಗಿನಿಂದ ತಂಪು ಕೊಡುತ್ತಿರುತ್ತದೆ, ಚೀಸ್ ಎಲೆಗೆ ಅಂಟುವುದೂ ಇಲ್ಲ. ಕಲಾಯಿಯಿಲ್ಲದ ಹಿತ್ತಾಳೆ, ತಾಮ್ರದ ತಟ್ಟೆ ಎಷ್ಟೇ ಥಳಥಳಿಸಲಿ, ಹುಳಿ ತಾಕುವ ಕಡೆ ಬೇಡ.

ಕತ್ತರಿಸುವುದರಲ್ಲಿ ಒಂದು ಮರ್ಯಾದೆಯಿದೆ. ಬ್ರೀಯ ತ್ರಿಕೋನದ ಚೂಪು ತುದಿ ಸಿಪ್ಪೆ ಕಡಿಮೆ, ತಿರುಳು ಹೆಚ್ಚು ಇರುವ ಭಾಗ. ಅದನ್ನು ಮೊದಲು ಬಂದವರು ಅಡ್ಡಡ್ಡ ಕತ್ತರಿಸಿಕೊಂಡರೆ ಕೊನೆಯವರಿಗೆ ಸಿಪ್ಪೆ ಮಾತ್ರ ಉಳಿಯುತ್ತದೆ. ಕಲ್ಲಂಗಡಿಯ ಹೋಳಿನಂತೆ ತುದಿಯಿಂದ ಸಿಪ್ಪೆಯವರೆಗೆ ಉದ್ದಕ್ಕೆ ಸೀಳಿ, ಪ್ರತಿ ಸೀಳಿನಲ್ಲೂ ಎರಡೂ ಇರಲಿ. ಚಾಕುವಿಗೆ ಅಂಟುವ ಮೆದು ಚೀಸಿಗೆ ಹೂ ಕಟ್ಟುವ ಬಿಳಿ ನೂಲಿಗಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ನೂಲಿನ ಹೊಸ ಉಂಡೆಯಿಂದ ಒಂದು ಮೊಳ ತೆಗೆದು, ಎರಡು ಕೈಗಳಲ್ಲಿ ಬಿಗಿಯಾಗಿ ಹಿಡಿದು ಮೇಲಿನಿಂದ ಒತ್ತಿದರೆ ನೇರವಾಗಿ ಇಳಿಯುತ್ತದೆ. ಗೌಡಾವನ್ನು ತೆಳು ತ್ರಿಕೋನಗಳಾಗಿ ಕತ್ತರಿಸಿ. ಚೆಡ್ಡಾರನ್ನು ಕತ್ತರಿಸುವ ಬದಲು ಚಾಕುವಿನ ಮೊನೆಯಿಂದ ಅಚ್ಚುಬೆಲ್ಲದಂತೆ ಒಡೆಯಿರಿ, ಒಡೆದ ಒರಟು ಮುಖದಿಂದ ಪರಿಮಳ ಬೇಗ ಬರುತ್ತದೆ.

ಜೊತೆಗಿಡುವ ಪದಾರ್ಥಗಳಿಗೆ ಆಲಿವ್, ಅಂಜೂರದ ಜಾಮ್ ಎಂದು ಅಲೆಯಬೇಡಿ. ಸೂತ್ರ ಸರಳವಿದೆ: ಉಪ್ಪಿಗೆ ಸಿಹಿ ಬೇಕು, ಜಿಡ್ಡಿಗೆ ಹುಳಿ ಬೇಕು, ಮೆತ್ತಗಿರುವುದಕ್ಕೆ ಕುರುಕಲು ಬೇಕು. ಇಂಗ್ಲೆಂಡಿನವರು ಚೆಡ್ಡಾರ್ ಜೊತೆ ಸಿಹಿಹುಳಿ ಚಟ್ನಿ ತಿನ್ನುತ್ತಾರೆ. ತುಮಕೂರಿನ ಹುಣಸೆಹಣ್ಣನ್ನು ಬೆಲ್ಲದೊಡನೆ ಗಟ್ಟಿಯಾಗಿ ಕುದಿಸಿ, ಚಿಟಿಕೆ ಉಪ್ಪು ಮತ್ತು ಶುಂಠಿ ಹಾಕಿದ ಗೊಜ್ಜು ಆ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಮಾಡುತ್ತದೆ, ಇಂಗು ಮತ್ತು ಮೆಂತ್ಯ ಮಾತ್ರ ಸೋಕಬಾರದು. ಬ್ರೆಜಿಲ್‌ನಲ್ಲಿ ಸೀಬೆಹಣ್ಣಿನ ಗಟ್ಟಿ ಹಲ್ವವನ್ನು ಚೀಸಿನ ಮೇಲಿಟ್ಟು ತಿನ್ನುವುದು ಮನೆಮನೆಯ ಪದ್ಧತಿ, ಅದನ್ನು ಗೌಡಾ ಜೊತೆ ಮಾಡಿ ನೋಡಿ. ಹಲ್ವ ಮಾಡಲಾಗದಿದ್ದರೆ ಸೀಬೆಯ ಹೋಳೇ ಸರಿ. ತಿಪಟೂರಿನ ಒಣಕೊಬ್ಬರಿಯನ್ನು ಕಾಗದದಷ್ಟು ತೆಳ್ಳಗೆ ಹೆರೆದು, ಅಂಚು ಕೆಂಪಾಗುವಷ್ಟು ಬಾಡಿಸಿ ಗೌಡಾ ಪಕ್ಕ ಇಟ್ಟರೆ ಎರಡರ ಸಿಹಿಯೂ ಹೊಂದುತ್ತದೆ. ಪಾವಗಡದ ಕಡಲೆಕಾಯಿ ಬೀಜ ಹುರಿದು ಸಿಪ್ಪೆ ಊದಿ ಇಡಿ, ಉಪ್ಪು ಬೇಡ, ಚೀಸಿನಲ್ಲೇ ಬೇಕಾದಷ್ಟಿದೆ. ಬ್ರೀಗೆ ದ್ರಾಕ್ಷಿ; ಚಿಕ್ಕಬಳ್ಳಾಪುರದ ಕಡೆಯ ಬೆಂಗಳೂರು ಬ್ಲೂ ಸಿಕ್ಕರೆ ಅದರ ಹುಳಿ ಬ್ರೀಯ ಬೆಣ್ಣೆತನಕ್ಕೆ ಬಹಳ ಒಪ್ಪುತ್ತದೆ, ಬೀಜ ಉಗಿಯಲು ಒಂದು ಬಟ್ಟಲು ಇಡಬೇಕಷ್ಟೇ. ಹಲಸು ಮಾತ್ರ ಆ ದಿನ ಬೇಡ. ಏಪ್ರಿಲ್‌ನಲ್ಲಿ ಯಾರಾದರೂ ನೆಂಟರು ತೋಟದಿಂದ ಒಂದು ಹಣ್ಣು ಹೊತ್ತು ತಂದೇ ತರುತ್ತಾರೆ. ಅದನ್ನು ಮನೆಯೊಳಗೆ ಬಿಡಿಸಿದರೆ ಯಾವ ದೇಶದ ಚೀಸಿನ ಪರಿಮಳವೂ ಅದರ ಮುಂದೆ ನಿಲ್ಲುವುದಿಲ್ಲ.

ಕುರುಕಲಿಗೆ ಉಪ್ಪು ಕಡಿಮೆ ಇರುವ ಬಿಸ್ಕತ್ತು, ಅಥವಾ ಅಯ್ಯಂಗಾರ್ ಬೇಕರಿಯ ಬ್ರೆಡ್ಡನ್ನು ತೆಳ್ಳಗೆ ಕತ್ತರಿಸಿ ಕಾವಲಿಯ ಮೇಲೆ ಗರಿಗರಿಯಾಗಿಸಿದ್ದು. ಈರುಳ್ಳಿ, ಮೆಣಸಿನಕಾಯಿ ಹಾಕದ ತೆಳು ರಾಗಿ ರೊಟ್ಟಿಯನ್ನು ಚಿಕ್ಕ ಉರಿಯಲ್ಲಿ ಒಣಗಿಸಿ ಮುರಿದಿಟ್ಟರೆ ಚೆಡ್ಡಾರಿಗೆ ಅದರ ಸುಟ್ಟ ವಾಸನೆ ಚೆನ್ನಾಗಿ ಹೊಂದುತ್ತದೆ. ನಿಪ್ಪಟ್ಟು, ಕೋಡುಬಳೆ ಖಾರದಿಂದ ನಾಲಗೆಯನ್ನು ಮಂಕು ಮಾಡುತ್ತವೆ, ಅವು ಕಾಫಿಯ ಹೊತ್ತಿಗಿರಲಿ. ಕುಡಿಯಲು ಸಕ್ಕರೆ ಕಡಿಮೆಯ ನಿಂಬೆ ಪಾನಕ.

ಹಿರಿಯರಿಗೆ ತಿನ್ನುವ ಕ್ರಮ ವಿವರಿಸಲು ಕಷ್ಟಪಡಬೇಕಿಲ್ಲ. ಬಾಳೆ ಎಲೆಯಲ್ಲಿ ಉಪ್ಪಿಗೆ, ಕೋಸಂಬರಿಗೆ, ಪಲ್ಯಕ್ಕೆ ಅದರದರ ಜಾಗ ಇರುವಂತೆ ಇಲ್ಲಿಯೂ ಎಡದಿಂದ ಬಲಕ್ಕೆ ಸೌಮ್ಯದಿಂದ ಖಡಕ್ಕಿಗೆ ಸಾಗಬೇಕು: ಮೊಸರಿನ ಉಂಡೆ, ಬ್ರೀ, ಗೌಡಾ, ಕೊನೆಗೆ ಚೆಡ್ಡಾರ್. ರಕ್ತದೊತ್ತಡ ಇರುವವರಿಗೆ ಒಂದೆರಡು ಚೂರು ಮೀರದಂತೆ ನೋಡಿಕೊಳ್ಳಿ, 30 ಗ್ರಾಂ ಚೆಡ್ಡಾರಿನಲ್ಲಿ ಸುಮಾರು ಅರ್ಧ ಗ್ರಾಂ ಉಪ್ಪಿರುತ್ತದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಮಾಗಿದ ಚೆಡ್ಡಾರ್ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ಅದರಲ್ಲಿ ಹಾಲಿನ ಸಕ್ಕರೆ ಬಹುತೇಕ ಉಳಿದಿರುವುದಿಲ್ಲ. ಬಂದವರಲ್ಲಿ ಬಸುರಿಯರಿದ್ದರೆ ಬ್ರೀ ಅವರಿಗೆ ಬೇಡ. ಮೆದು ಚೀಸಿನಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಭಯವಿದೆ.

ಅತಿಥಿಗಳು ಆರೂವರೆಗೆ ಬರುವುದಾದರೆ ಮಧ್ಯಾಹ್ನವೇ ಎಲ್ಲವನ್ನೂ ಕತ್ತರಿಸಿ, ಬೆಣ್ಣೆ ಕಾಗದ ಹೊದಿಸಿ, ಎರಡು ಪಾಲು ಮಾಡಿ ಫ್ರಿಜ್‌ನಲ್ಲಿಡಿ. ಒಂದು ಪಾಲನ್ನು ಆರು ಗಂಟೆ ಹತ್ತು ನಿಮಿಷಕ್ಕೆ ತಂಪು ಕಲ್ಲಿನ ಮೇಲೆ ಜೋಡಿಸಿ, ನೊಣ ಕೂರದಂತೆ ಬಲೆಯ ಮುಚ್ಚಳ ಹಾಕಿ. ಬ್ರೀಯನ್ನು ಕೊನೆಯಲ್ಲಿ, ಅವರು ಚಪ್ಪಲಿ ಬಿಡುವಾಗ ತಂದರೂ ಸಾಕು. ಫ್ಯಾನಿನ ನೇರ ಗಾಳಿ ತಟ್ಟೆಗೆ ಬೀಳಬಾರದು, ಕತ್ತರಿಸಿದ ಮುಖ ಹತ್ತೇ ನಿಮಿಷದಲ್ಲಿ ಒಣಗಿ ಬಿರಿಯುತ್ತದೆ. ಮೊದಲ ಪಾಲು ಮುಗಿಯುತ್ತ ಬಂದಾಗ ಎರಡನೆಯದನ್ನು ತನ್ನಿ. 32 ಡಿಗ್ರಿ ಮೀರಿದ ಕೋಣೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿದ್ದ ಮೆದು ಚೀಸನ್ನೂ ಮೊಸರಿನ ಉಂಡೆಯನ್ನೂ ಮತ್ತೆ ಒಳಗಿಡಬೇಡಿ. ಅದೇ ಹೊತ್ತಿಗೆ ಕರೆಂಟು ಹೋದರೆ ಫ್ರಿಜ್ ಬಾಗಿಲನ್ನು ಪದೇ ಪದೇ ತೆರೆಯದಿರುವಂತೆ ಮನೆಯ ಮಕ್ಕಳಿಗೆ ಮೊದಲೇ ಹೇಳಿಡಿ.

ಉಳಿದ ಗೌಡಾ ಮತ್ತು ಚೆಡ್ಡಾರನ್ನು ಬೆಣ್ಣೆ ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ತರಕಾರಿ ಖಾನೆಗೆ ಸೇರಿಸಿದರೆ ಎರಡು ವಾರ ತಡೆಯುತ್ತದೆ. ಆ ನಡುವೆ ಮೇಲೆ ಬೂಷ್ಟು ಕಂಡರೆ ಸುತ್ತ ಒಂದು ಅಂಗುಲ ಕೆತ್ತಿ ತೆಗೆದು ಮಿಕ್ಕಿದ್ದನ್ನು ಬಳಸಬಹುದು. ಚೆಡ್ಡಾರಿನ ಪುಡಿಯನ್ನು ಮರುದಿನ ಬೆಳಿಗ್ಗೆ ರಾಗಿ ದೋಸೆಯ ಮೇಲೆ ಉದುರಿಸಿ, ಮುಚ್ಚಿ ಬೇಯಿಸಿ. ಹುಣಸೆ ಗೊಜ್ಜೂ ಅದಕ್ಕೇ ಮುಗಿಯುತ್ತದೆ.